ಗಂಜಿ ಆರುವ ಮುನ್ನ

"ಬೇಡಮ್ಮ, ಈಗಷ್ಟೇ ತಿಂದು ಬಂದೆ," ಎಂದೆ, ಟೈಲರಮ್ಮ ಗಂಜಿಯ ಬಟ್ಟಲನ್ನು ನನ್ನತ್ತ ಚಾಚಿದಾಗ.

"ನಿಮಗಲ್ಲ ಅಯ್ಯನವರೇ, ನಮ್ಮತ್ತೆಗೆ. ಸ್ವಲ್ಪ ತಿನ್ನಿಸ್ತಾ ಇರಿ. ಹಾಸಿಗೆ ಬಟ್ಟೆ ನೆನೆಹಾಕಿದೀನಿ, ಒಗೆದು ಒಣಗಿಹಾಕಿ ಬಂದ್ಬಿಡ್ತೀನಿ. ನಿನ್ನೆಯಿಂದ ಒಂದು ತುತ್ತೂ ನುಂಗಿಲ್ಲ. ಇವತ್ತೂ ತಿನ್ನದಿದ್ರೆ ಮೂಗಿಗೆ ಟ್ಯೂಬ್ ಹಾಕ್ಬೇಕಂತೆ, ಡಾಕ್ಟ್ರು ಹೇಳಿದಾರೆ." ಅಷ್ಟು ಹೇಳಿ ಹಿತ್ತಲಿಗೆ ಹೋಗಿಯೇಬಿಟ್ಟಳು.

ನಾನು ಬಂದಿದ್ದು ಬೇರೆ ಕೆಲಸಕ್ಕೆ. ಮೂರು ತಿಂಗಳಿಂದ ಆಕೆ ಭಾನುವಾರದ ಆರಾಧನೆಗೆ ಬಂದಿರಲಿಲ್ಲ. ಆಕೆಯ ಆತ್ಮ ಹಸಿದಿರಬೇಕೆಂದು ಸಭೆಯ ಹಿರಿಯರಿಗೆಲ್ಲ ಚಿಂತೆ. ಪಾದ್ರಿಯಾದ ನನಗೆ ಎಲ್ಲರಿಗಿಂತ ಹೆಚ್ಚು. ಯಾಕೆಂದರೆ 'ದೇವರೊಡನೆ ದಿನಕ್ಕೊಂದು ಗಂಟೆ' ಎಂಬ ಪುಸ್ತಿಕೆಯನ್ನು ನಾನೇ ಬರೆದು ಅಚ್ಚು ಹಾಕಿಸಿದ್ದೆ. ಅದರ ಮುನ್ನೂರು ಪ್ರತಿಗಳು ಮನೆಯ ಅಟ್ಟದಲ್ಲಿ ಗೆದ್ದಲಿಗೆ ಆತ್ಮಿಕ ಆಹಾರವಾಗುತ್ತಿದ್ದವು. ಒಂದಕ್ಕೆ ಸಹಿ ಹಾಕಿ ಆಕೆಗೆಂದು ತಂದಿದ್ದೆ. ಆಕೆ ಭಕ್ತಿಯಿಂದ ತೆಗೆದುಕೊಂಡು ಹೊಲಿಗೆ ಮೆಷಿನ್ನಿನ ಮೇಲಿಟ್ಟು, ಹಾರಿಹೋಗದಂತೆ ಕತ್ತರಿ ಹೇರಿದ್ದಳು.

ದಿಂಬಿಗೊರಗಿದ್ದ ಅಜ್ಜಿಗೆ ನೆನಪು ಹೋಗಿ ಎರಡು ವರ್ಷ. ತುಟಿ ಬಿಗಿದುಕೊಂಡು ನನ್ನನ್ನೇ ನೋಡಿದರು. ಇನ್ನೊಬ್ಬರಿಗೆ ತಿನ್ನಿಸುವುದು ಹೇಗೆಂದು ತಿಳಿಯದೆ, ನನಗೆ ಬರುವ ಒಂದೇ ಕೆಲಸಕ್ಕೆ ಕೈ ಹಾಕಿದೆ: ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದೆ. ನನ್ನ ಪ್ರಾರ್ಥನೆ ಹನುಮಂತನ ಬಾಲವೆಂದು ಸಭೆಯವರು ಬೆನ್ನ ಹಿಂದೆ ಆಡಿಕೊಳ್ಳುವುದುಂಟು. ಭೂಮ್ಯಾಕಾಶಗಳ ಸೃಷ್ಟಿಯಿಂದ ಹೊರಟು, ಆಳುವವರನ್ನೂ ರೋಗಿಗಳನ್ನೂ ಪ್ರಯಾಣಿಕರನ್ನೂ ದಾಟಿ, ಗಂಜಿಯ ಹತ್ತಿರ ಇನ್ನೂ ಬಂದಿರಲಿಲ್ಲ.

"ಆಮೆನ್!" ಎಂದಿತು ಒಂದು ಒಡಕು ದನಿ.

ಕಣ್ಣು ಬಿಟ್ಟರೆ, ಅಜ್ಜಿ ಗುಬ್ಬಿಮರಿಯ ಹಾಗೆ ಬಾಯಿ ತೆರೆದು ಕೂತಿದ್ದರು.

ಮೊದಲ ಚಮಚ ಅವರ ಗಲ್ಲದ ಮೇಲೆ ಹೋಯಿತು, ಎರಡನೆಯದು ನನ್ನ ಬಿಳಿ ಅಂಗಿಯ ಮೇಲೆ. "ಅರ್ಧ ಚಮಚ ಸಾಕು!" ಎಂದು ಹಿತ್ತಲಿನಿಂದ ಕೂಗು ಬಂತು. "ಗಂಟಲಿಳಿದಿದ್ದು ನೋಡ್ಕೊಂಡು ಆಮೇಲೆ ಇನ್ನೊಂದು ಕೊಡಿ!" ಅರ್ಧ ಚಮಚ ಕೊಟ್ಟೆ, ಗಂಟಲು ನೋಡಿದೆ, ಕಾದೆ. ಮತ್ತೆ ಅರ್ಧ. ಇಪ್ಪತ್ತು ವರ್ಷಗಳಿಂದ ಊರಿಗೆಲ್ಲ ಧ್ಯಾನ ಕಲಿಸುವ ನನಗೆ ಐದು ನಿಮಿಷ ಕಣ್ಮುಚ್ಚಿದರೆ ನಿದ್ದೆ ಬರುತ್ತದೆ, ಇಲ್ಲವೇ ಊಟ ನೆನಪಾಗುತ್ತದೆ. ಅವತ್ತು ಆ ಸುಕ್ಕುಗಟ್ಟಿದ ಗಂಟಲು ಬಿಟ್ಟರೆ ಬೇರೇನೂ ನೆನಪಾಗಲಿಲ್ಲ. ಗಡಿಯಾರ ನೋಡಿದಾಗ ಮುಕ್ಕಾಲು ಗಂಟೆ ಕಳೆದಿತ್ತು.

ಕೊನೆಯ ಚಮಚಕ್ಕೆ ಅಜ್ಜಿ ನನ್ನ ಕೈ ತಡೆದರು. ಚಮಚ ಕಸಿದುಕೊಂಡು, ನಡುಗುತ್ತ, ಅರ್ಧ ಚೆಲ್ಲುತ್ತ, ಅದನ್ನು ನನ್ನ ಬಾಯಿಯ ಹತ್ತಿರ ತಂದರು.

"ನೀನು ಉಂಡ್ಯೇನೋ, ಮಗಾ?"

ಯಾವ ಮಗನೆಂದುಕೊಂಡರೋ. ಪ್ರಭುಭೋಜನದಲ್ಲಿ ಎಷ್ಟೋ ನಾಲಿಗೆಗಳಿಗೆ ರೊಟ್ಟಿ ಮುರಿದು ಕೊಟ್ಟವನು, ನಾನು ಬಾಯಿ ತೆರೆದೆ.

ಒದ್ದೆ ಕೈ ಒರೆಸಿಕೊಳ್ಳುತ್ತ ಟೈಲರಮ್ಮ ಒಳಗೆ ಬಂದಳು. ಖಾಲಿ ಬಟ್ಟಲು ನೋಡಿದಳು, ಅತ್ತೆಯ ಮುಖ ನೋಡಿದಳು. ಸೆರಗಿನ ತುದಿಯಿಂದ ಅತ್ತೆಯ ಗಲ್ಲ ಒರೆಸಿದಳು.

"ಅಯ್ಯನವರೇ, ಏನೋ ಉಪದೇಶ ಹೇಳ್ಬೇಕು ಅಂದಿದ್ರಲ್ಲ? ಈಗ ಪುರಸೊತ್ತಾಗಿದೀನಿ, ಹೇಳಿ."

ಹೇಳಲಾಗಲಿಲ್ಲ. ಬಾಯಲ್ಲಿ ಗಂಜಿಯಿತ್ತು.