ಎರಡು ಗೆರೆ

ಗುರುವಾರ ಹನ್ನೆರಡೂವರೆಗೆ ಹೆಂಡತಿ ಊಟದ ಡಬ್ಬಿ ಹಿಡಿದು ಬಸ್ಸಿನ ಮುಂದಿನ ಬಾಗಿಲಲ್ಲಿ ಹತ್ತಿದಳು. ಹಿಂದಿನ ಬಾಗಿಲಲ್ಲಿ ಅವನು ಹತ್ತಿದ. ಹಲ್ಲುನೋವೆಂದು ಕಚೇರಿಗೆ ರಜೆ ಹಾಕಿದ್ದ. ಉರಿ ಇದ್ದದ್ದು ಹೊಟ್ಟೆಯಲ್ಲಿ.

ಅವಳು ಇಳಿದದ್ದು ಜಿಪ್ ಫ್ಯಾಕ್ಟರಿಯ ಮುಂದೆ. ಗೇಟಿನೊಳಗೆ ಹೋಗಲಿಲ್ಲ. ಪಕ್ಕದ ಗೋಡೆಯಲ್ಲಿದ್ದ ಸರಳಿನ ಕಿಟಕಿಯ ಹತ್ತಿರ ನಿಂತಳು. ಒಳಗಿನಿಂದ ನೀಲಿ ತೋಳಿನ ಕೈಯೊಂದು ಬಂದು ಡಬ್ಬಿ ತೆಗೆದುಕೊಂಡಿತು. ಅವಳು ಏನೋ ಹೇಳಿ ಜೋರಾಗಿ ನಕ್ಕಳು. ಅವಳ ಆ ನಗು ಕೇಳಿ ಮೂರು ವರ್ಷವಾಗಿತ್ತು. ಮಾತಿಗೆ ಮಾತು ಬೆಳೆದು ಅವನ ಅಪ್ಪ ತಮ್ಮ ಮಗಳ ಮನೆಗೆ ಹೊರಟುಹೋದ ಮೇಲೆ ಅವರ ಮನೆಯಲ್ಲಿ ನಗುವಂಥದ್ದೇನೂ ನಡೆದಿರಲಿಲ್ಲ.

ಅವಳು ಹೋದ ಮೇಲೆ ಅವನು ಕಾವಲುಗಾರನನ್ನು ವಿಚಾರಿಸಿದ.

“ಆ ಕಿಟಕೀಲಿ ಕೂರೋದು ಯಾರಪ್ಪಾ?”

“ಇನ್‌ವಾಯ್ಸ್ ಗುಮಾಸ್ತರು ಸಾರ್. ಆ ಅಮ್ಮ ವಾರವಾರ ಊಟ ತರ್ತಾರೆ. ಭಾರಿ ಪ್ರೀತಿ.”

“ಅವರಿಗೇನಾಗಬೇಕು?”

“ಮನೆಯವರೇ ಅಂತಾರೆ.”

ಮನೆಯವರಂತೆ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಆದರೆ ಅವನ ಕಣ್ಣಿಗೆ ಸಾಕ್ಷಿಗಳೂ ಬೀಳತೊಡಗಿದವು. ಅವಳ ಪರ್ಸಿನಲ್ಲಿ ಕನ್ನಡಕದ ಅಂಗಡಿಯ ರಸೀದಿ ಸಿಕ್ಕಿತು. ಅವಳು ಕನ್ನಡಕ ಹಾಕುವವಳಲ್ಲ. ಓಹೋ, ಆ ಮನ್ಮಥನಿಗೆ ತಂಪು ಕನ್ನಡಕ! ಗುರುವಾರ ಬೆಳಿಗ್ಗೆ ಒಲೆಯ ಮೇಲೆ ಎರಡು ಪಾತ್ರೆ. ಗಂಡನಿಗೆ ಉದುರುದುರು ಅನ್ನ, ಇನ್ನೊಬ್ಬನಿಗೆ ಬೆಣ್ಣೆಯಂತೆ ಬೆಂದದ್ದು. ಹದಿನೈದು ವರ್ಷ ಸಂಸಾರ ಮಾಡಿದರೂ ತನಗೆ ಬೇರೆ ಪಾತ್ರೆ ಇಟ್ಟವಳಲ್ಲ. ಅದನ್ನು ನೆನೆದಾಗ ಅವನಿಗೆ ನಿಜಕ್ಕೂ ಅಳು ಬಂತು.

ಕೇಳಿದರೆ ಅವಳು ಹೌದು ಎಂದುಬಿಟ್ಟರೆ? ಆ ಭಯಕ್ಕೆ ಬಾಯಿ ಮುಚ್ಚಿಕೊಂಡ.

ಮರುವಾರ ವೈರಿ ತಾನಾಗಿ ಮೇಜಿಗೇ ಬಂದ, ಕಡತದ ರೂಪದಲ್ಲಿ.

ಅವನು ತೆರಿಗೆ ಕಚೇರಿಯ ಅಧಿಕಾರಿ. ಚೀಲ ಹೊಲಿಯುವ ಕಂಪನಿಯೊಂದು ಅದೇ ಫ್ಯಾಕ್ಟರಿಯಿಂದ ಜಿಪ್ ಕೊಂಡಿತ್ತು. ಫ್ಯಾಕ್ಟರಿ ರಫ್ತಿಗೆಂದೇ ಹುಟ್ಟಿದ್ದು; ದೇಶದೊಳಗೆ ಮಾರಿದರೆ ಮೂರು ಬಗೆಯ ಸುಂಕ ಕಟ್ಟಬೇಕು. ಅದರಲ್ಲಿ ಎರಡನ್ನು ಮಾತ್ರ ಚೀಲದ ಕಂಪನಿ ತನ್ನ ತೆರಿಗೆಯಲ್ಲಿ ಕ್ರೆಡಿಟ್ ಎಂದು ಮುರಿದುಕೊಳ್ಳಬಹುದು. ಇನ್‌ವಾಯ್ಸಿನಲ್ಲೋ ಮೂರೂ ಒಂದೇ ಮೊತ್ತವಾಗಿ ಬಿದ್ದಿದ್ದವು. ಯಾವುದು ಎಷ್ಟೆಂದು ತೋರಿಸದಿದ್ದರೆ ಚಿಕ್ಕಾಸೂ ಇಲ್ಲ ಎಂದು ಕಚೇರಿ ನೋಟಿಸು ಕೊಟ್ಟಿತ್ತು. ಅದಕ್ಕೆ ಉತ್ತರವಾಗಿ ಈಗೊಂದು ಪಟ್ಟಿ ಬಂದಿತ್ತು: ಸುಂಕವನ್ನು ಬಿಡಿಬಿಡಿಯಾಗಿ ಕೈಯಲ್ಲಿ ಬರೆದದ್ದು. ಬರೀ ಅಂಕಿಗಳು, ಕೆಳಗೆ ಮ್ಯಾನೇಜರನ ಸಹಿ, ‘ತಯಾರಿಸಿದವರು: ಇನ್‌ವಾಯ್ಸ್ ಗುಮಾಸ್ತ’ ಎಂಬ ಮೊಹರು.

ಎರಡು ಸಲ ಕೂಡಿ ನೋಡಿದ. ಒಂದೂ ತಪ್ಪಿಲ್ಲ. ಅದಕ್ಕಿಂತ ಮೈ ಉರಿಸಿದ್ದು ಮೊತ್ತದ ಕೆಳಗಿನ ಗೆರೆಗಳು. ಕಚೇರಿಯಲ್ಲಿ ಎಲ್ಲರೂ ಒಂದು ಗೆರೆ ಎಳೆದರೆ ಈ ಅಧಿಕಾರಿ ಎರಡು ಎಳೆಯುತ್ತಿದ್ದ, ಅಳತೆಪಟ್ಟಿ ಇಟ್ಟು, ಕೆಳಗಿನದು ತುಸು ಗಿಡ್ಡ. ಅಲ್ಲಿ ಅವನ ಬೆನ್ನ ಹಿಂದಿನ ಹೆಸರೇ ‘ಎರಡುಗೆರೆ ಸಾಹೇಬ’. ಪಟ್ಟಿಯಲ್ಲೂ ಅದೇ ಎರಡು ಗೆರೆ, ಕೆಳಗಿನದು ತುಸು ಗಿಡ್ಡ. ಹೆಂಡತಿ ಸಾಲದೆಂದು ಹವ್ಯಾಸವನ್ನೂ ಕದ್ದನೇ ಕಳ್ಳ!

ಇಂಥ ಪಟ್ಟಿ ಬಂದರೆ ಬರೆದವನನ್ನು ಕರೆಸಿ, ರಿಜಿಸ್ಟರು ಮುಂದಿಟ್ಟು ನಾಲ್ಕು ಪ್ರಶ್ನೆ ಕೇಳುವುದು ಅವನ ಪದ್ಧತಿ. ಒಂದು ಸಲವೂ ತಪ್ಪಿಸಿದ್ದಿಲ್ಲ.

“ಗುಮಾಸ್ತರನ್ನ ಯಾವತ್ತು ಕರೆಸ್ಲಿ ಸಾರ್?” ಸಹಾಯಕಿ ಕೇಳಿದಳು.

“ಬೇಡ. ಅವನ ಮುಖ ನಾನು ನೋಡ್ಬೇಕಾಗಿಲ್ಲ.”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ‘ಪಟ್ಟಿ ಆಮೇಲೆ ಸೃಷ್ಟಿಸಿದ್ದು. ತಯಾರಿಸಿದ ಗುಮಾಸ್ತ ನಂಬಿಕೆಗೆ ಅರ್ಹನಲ್ಲ. ಕ್ರೆಡಿಟ್ ಪೂರ್ತಿ ನಿರಾಕರಿಸಿದೆ’ ಎಂದು ಆದೇಶ ಬರೆದ. ನಿರಾಕರಿಸಿದ ಮೊತ್ತದ ಕೆಳಗೆ ಅಳತೆಪಟ್ಟಿಯಿಟ್ಟು ಎರಡು ಗೆರೆ ಎಳೆದ. ಅನ್ಯಾಯವೆಂದು ಅವನಿಗೆ ಗೊತ್ತಿತ್ತು. ಆದರೂ ಅವತ್ತು ಹೊಟ್ಟೆ ತುಂಬ ಉಂಡ.

ಹತ್ತು ದಿನಕ್ಕೆ ಸುದ್ದಿ ಬಂತು. ಚೀಲದ ಕಂಪನಿ ಜಿಪ್ ಕೊಳ್ಳುವುದನ್ನು ನಿಲ್ಲಿಸಿತಂತೆ, ಫ್ಯಾಕ್ಟರಿಯವರು ಆದೇಶದ ಪ್ರತಿಯನ್ನು ಕೈಗಿಟ್ಟು ಗುಮಾಸ್ತನನ್ನು ಮನೆಗೆ ಕಳಿಸಿದರಂತೆ. ಸುದ್ದಿ ಕೇಳಿದ ಅಧಿಕಾರಿ ಕಚೇರಿಯಿಂದ ಬರುವ ದಾರಿಯಲ್ಲಿ ಹೆಂಡತಿಗೊಂದು ಮೊಳ ಹೂ ಕೊಂಡು ಮನೆಗೆ ಬಂದ.

ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅತ್ತು ಕಣ್ಣು ಕೆಂಪಾಗಿತ್ತು. ಒಲೆಯ ಮೇಲೆ ಎರಡು ಪಾತ್ರೆ.

“ಇವತ್ತು ಗುರುವಾರ ಅಲ್ವಲ್ಲ,” ಎಂದ.

“ಇನ್ನು ದಿನಾ ಎರಡು ಪಾತ್ರೆ. ಅವರ ಕೆಲಸ ಹೋಯ್ತು. ನಾನೇ ಇಲ್ಲಿಗೆ ಕರ್ಕೊಂಡು ಬಂದೆ.”

“ನನ್ನ ಮನೆಗೇ! ಯಾರು ಅಂತ ನಂಗೊತ್ತಿಲ್ಲ ಅನ್ಕೊಂಡ್ಯಾ? ಜಿಪ್ ಫ್ಯಾಕ್ಟರಿ ಗುಮಾಸ್ತ ತಾನೇ?”

ಅವಳು ಅವನನ್ನೇ ದಿಟ್ಟಿಸಿದಳು. “ಗೊತ್ತಿತ್ತಾ? ಗೊತ್ತಿದ್ದೂ ಹೀಗೆ ಮಾಡಿದ್ರಾ?”

“ಗೊತ್ತಿದ್ದೇ ಮಾಡಿದೆ!”

ಹೂವಿನ ಪೊಟ್ಟಣ ಎಸೆದು, ಅಂಗಿಯ ತೋಳು ಮಡಚಿ, ಒಳಕೋಣೆಯ ಬಾಗಿಲನ್ನು ಧಡಾರನೆ ತಳ್ಳಿದ.

“ಬಾರೋ ಮಗಾ,” ಮಂಚದ ಮೇಲೆ ಕೂತಿದ್ದ ಅಪ್ಪ ಹೊಸ ಕನ್ನಡಕದ ಮೇಲಿಂದ ನೋಡಿದರು. “ನಿನ್ನ ಆರ್ಡರ್ ಓದಿದೆ. ನಾನು ಕಲಿಸಿದ ಎರಡು ಗೆರೆಯನ್ನಾದರೂ ನೆಟ್ಟಗೆ ಎಳೆದಿದ್ದೀಯ.”