ರೊಟ್ಟಿಯ ಅಂಚಿನ ಬೆರಳು

ಬಿಸಿನೀರಿಗೆ ಬಿದ್ದ ಜೋಳದ ಹಿಟ್ಟಿನ ವಾಸನೆಗೆ ಈಗಲೂ ನನ್ನ ಅಂಗೈ ಬೆಚ್ಚಗಾಗುತ್ತದೆ.

ಅಂದು ತೆಲಂಗಾಣ ಬಂದ್. ನಮ್ಮೂರು ಜಹೀರಾಬಾದಿನಲ್ಲಿ ಬಸ್ಸಿರಲಿಲ್ಲ, ಕೆಲಸಕ್ಕೆ ಹೋದ ಅವ್ವ ನಡೆದೇ ಬರಬೇಕಿತ್ತು. ಅಜ್ಜಿಯ ಮುರಿದ ಮಣಿಕಟ್ಟಿನ ಪ್ಲಾಸ್ಟರ್ ತೆಗೆದು ತಿಂಗಳಾಗಿದ್ದರೂ ಕೈ ತಿರುಗುತ್ತಿರಲಿಲ್ಲ. ಅವ್ವ ಆಕೆಯನ್ನು ಒಲೆಯ ಹತ್ತಿರ ಬಿಡುತ್ತಿರಲಿಲ್ಲ. ಆ ಮಧ್ಯಾಹ್ನ ಅಜ್ಜಿ ಒಲೆ ಹೊತ್ತಿಸಿ, ಹಿಟ್ಟಿನ ಮೇಲೆ ನನ್ನ ಅಂಗೈಯನ್ನೂ, ಅದರ ಮೇಲೆ ತನ್ನದನ್ನೂ ಇಟ್ಟಳು.

“ನೀ ಬಡಿ. ನಿನ್ನ ಕೈ ಜೋಡಿ ನಂದೂ ತಿರಗ್ತದ. ಅವ್ವಗ ಹೇಳಬ್ಯಾಡ.”

ತಟ್ಟುವ ಸಪ್ಪಳಕ್ಕೆ, ಹೊಗೆಗೆ ನನ್ನ ಕಣ್ಣುಗಳು ಅರೆಮುಚ್ಚಿದವು.

ಸಂಜೆ ದಣಿದು ಬಂದ ಅವ್ವ ರೊಟ್ಟಿ ಕೈಗೆತ್ತಿಕೊಂಡಳು. ಅಂಚಿನುದ್ದಕ್ಕೂ ನನ್ನ ಸಣ್ಣ ಬೆರಳುಗಳ ಗುರುತು. ಅವನ್ನು ಮೆಲ್ಲಗೆ ಸವರಿ, ಹಿಟ್ಟು ಮೆತ್ತಿದ ನನ್ನ ಕೈಯತ್ತ ಒಮ್ಮೆ ನೋಡಿದಳು.

“ಅತ್ತಿ, ನಿಮ್ಮ ಕೈ ಛಲೋ ಆಗ್ಯದ ನೋಡ್ರಿ. ನಾಳಿಂದ ರೊಟ್ಟಿ ನೀವೇ ಬಡೀರಿ.”