ಕೌಲನ ಕೋಡಿಗೆ ಬಲೂನು

ಲಿಂಗನಮಕ್ಕಿಯಲ್ಲಿ ಅಣೆಕಟ್ಟೆ ಏಳುತ್ತಿದ್ದ ಕಾಲ. ನಿಟ್ಟೂರಿನ ಆಸುಪಾಸಿನವರಿಗೆ ತಲೆ ಕೆಡಿಸಿಕೊಳ್ಳಲು ದೊಡ್ಡ ಸಂಗತಿಗಳಿಗೇನೂ ಬರವಿರಲಿಲ್ಲ. ಆದರೂ ಆ ದೀಪಾವಳಿಯ ಬೆಳಿಗ್ಗೆ ದುಗ್ಗಪ್ಪನ ಅಂಗಳದಲ್ಲಿ ಇತ್ಯರ್ಥವಾಗಬೇಕಿದ್ದ ಪ್ರಶ್ನೆ ಅವೆಲ್ಲಕ್ಕಿಂತ ಗಹನವಾದದ್ದು: ಎತ್ತಿನ ಕೋಡಿಗೆ ಬಲೂನು ಕಟ್ಟಬಹುದೋ, ಕೂಡದೋ?

ಕಟ್ಟಬಹುದು ಎಂದವನು ದುಗ್ಗಪ್ಪನ ಹೆಂಡತಿ ಕೆರಿಯಮ್ಮನ ತಮ್ಮ ಮಂಜುನಾಥಪ್ಪ. ಜೋಗದ ಪವರ್ ಹೌಸಿನಲ್ಲಿ ಕೆಲಸ. ವಿಜ್ಞಾನದ ಪುಸ್ತಕ ಓದುವವನು, ಓದಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲಾರದವನು. ಕೂಡದು ಎಂದವಳು ಕೆರಿಯಮ್ಮ. ಹಬ್ಬದ ದಿನ ಎತ್ತಿಗೆ ಚೆಂಡುಹೂವು, ಪಚ್ಚೆತೆನೆ, ಅಡಿಕೆಯ ಸರ ಕಟ್ಟಿ, ಕಡುಬು ತಿನ್ನಿಸಿ ಬಿಡುವುದು ವಾಡಿಕೆ. ಹೂವಿಗೆ ಬೆದರಿದ ಎತ್ತನ್ನು ಯಾರೂ ಕಂಡಿಲ್ಲ. ಅದರಲ್ಲೂ ಕೌಲನೆಂಬ ಈ ಎತ್ತು, ತೀರ್ಥಹಳ್ಳಿ ಕಡೆಯ ಯಾರದೋ ಕೈಯಲ್ಲಿ ಬಡಿಗೆಯ ಪೆಟ್ಟು ತಿಂದು ಬಂದದ್ದು. ಕೋಡಿಗೆ ಕೈ ತಾಗಿದರೆ ಹಾಯುತ್ತಿತ್ತು. ತವಡು ಹಾಕಿ, ಮೈದಡವಿ, ಬೈಗುಳವನ್ನೆಲ್ಲ ಗಂಡನಿಗೆ ಮೀಸಲಿಟ್ಟು ಕೆರಿಯಮ್ಮ ಅದನ್ನು ದಾರಿಗೆ ತಂದಿದ್ದಳು. ಈಗಲೂ ಅವಳು ಕೋಡು ಹಿಡಿಯದೆ ಅದು ನೊಗಕ್ಕೆ ಕೊರಳು ಕೊಡುತ್ತಿರಲಿಲ್ಲ. ಕೊಯ್ಲು ಬೇರೆ ಎದುರಿಗಿತ್ತು.

ಅವಳು ಕಡುಬು ತರಲು ಒಳಗೆ ಹೋದಾಗ ಪ್ರಶ್ನೆ ಇತ್ಯರ್ಥವಾಗಿಹೋಯಿತು. ಕೋಡಿನಿಂದ ಇಳಿಬಿದ್ದ ಹೂವಿನ ಸರದ ತುದಿಗೆ ಮಂಜುನಾಥಪ್ಪ ಬಿಗಿಯಾಗಿ ಊದಿದ ಕೆಂಪು ಬಲೂನೊಂದನ್ನು ಕಟ್ಟಿದ. ಎತ್ತು ತಲೆ ಕೊಡವಿತು. ಬಲೂನು ಕೋಡಿನ ಹಿತ್ತಾಳೆಯ ಮೊನೆಗೆ ತಾಗಿ ಢಮ್ಮೆಂದಿತು. ಹಗ್ಗ ಹರಿಯಿತು, ಅಂಗಳದ ಬಾಯಿಗೆ ಅಡ್ಡ ಹಾಕಿದ್ದ ದಣಪೆಯ ಗಳುಗಳು ಮುರಿದವು, ಕೌಲ ಗದ್ದೆಯ ಆಚೆ ತುದಿಯಲ್ಲಿತ್ತು.

ಕೆರಿಯಮ್ಮ ಕಡುಬಿನ ತಟ್ಟೆ ಹಿಡಿದು ಹೊರಗೆ ಬಂದಳು. "ಯಾರು ಕಟ್ಟಿದ್ದು?"

"ಅಕ್ಕಾ, ಅದು ಮೊನೆ ತಾಗಿದ್ದಕ್ಕೆ. ರಬ್ಬರು ಬಿಗೀ ಎಳ್ಕಂಡಿತ್ತಲ್ಲ, ಹಂಗಾಗಿ..."

"ಯಾಕೆ ಒಡೀತು ಅಂತ ಕೇಳಿದ್ನಾ? ಯಾರು ಕಟ್ಟಿದ್ದು ಅಂತ ಕೇಳಿದ್ದು ನಾನು."

"ಹಬ್ಬದ ದಿನ ಬಾಯಿ ಮಾಡ್ಬ್ಯಾಡ ಮಾರಾಯ್ತಿ," ಎಂದ ದುಗ್ಗಪ್ಪ.

"ನೀವು ಸುಮ್ನಿರಿ. ನಿಮ್ಮ ಕಣ್ಣೆದುರಿಗೇ ಕಟ್ಟಿದಾನೆ. ಹಗ್ಗ ಹಿಡ್ಕಂಡು ನಿದ್ದೆ ಮಾಡ್ತಿದ್ರಾ?"

ಅವಳು ಗದ್ದೆಗಿಳಿದಳು. "ಬಾ ಕೌಲಾ, ಬಾ ಮಗನೇ" ಎಂಬ ಕರೆ ಬೆಣ್ಣೆಯಂತಿತ್ತು. ಸಿಟ್ಟಿನ ಬಾಯಿಂದ ಅಂಥ ದನಿ ಹೊರಡಿಸುವುದು ಎಷ್ಟು ಕಷ್ಟವೆಂದು ಅವಳಿಗೇ ಗೊತ್ತು. ಎತ್ತು ಮೂಸಿತು, ನಿಂತಿತು, ಹೆಜ್ಜೆ ಇಟ್ಟಿತು. ಕಡುಬಿನ ಹಿಂದೆ ಹಿಂದೆ ಮುರಿದ ದಣಪೆಯ ತನಕ ಬಂದು ಅವಳ ಅಂಗೈಗೆ ಮೂತಿ ಇಟ್ಟಿತು. ಕೆರಿಯಮ್ಮ ಇನ್ನೊಂದು ಕೈಯನ್ನು ಮೆಲ್ಲಗೆ ಕೋಡಿನತ್ತ ಒಯ್ದಳು.

ಅಂಗಳದಲ್ಲಿ ಮಂಜುನಾಥಪ್ಪನ ಅಭಿಮಾನಕ್ಕೆ ಪೆಟ್ಟಾಗಿತ್ತು. ಇಷ್ಟು ಒಳ್ಳೆಯ ಕಾರಣವನ್ನು ಯಾರೂ ಪೂರ್ತಿ ಕೇಳಲಿಲ್ಲವಲ್ಲ!

"ನೋಡಿ ಭಾವ, ಸಡಿಲ ಊದಿದ್ರೆ ಶಬ್ದಾನೇ ಇಲ್ಲ." ಅರ್ಧ ಊದಿದ ಬಲೂನಿಗೆ ನಿಂಬೆಮುಳ್ಳು ಚುಚ್ಚಿದ. ಅದು ಪುಸ್ಸೆಂದಿತು. "ಕಂಡ್ರಾ? ಬಿಗೀದು ಹಂಗಲ್ಲ. ಒಂದು ತೂತಾದ್ರೆ ಸಾಕು, ಕಣ್ಣು ಮಿಟುಕಿಸೋದ್ರೊಳಗೆ ರಬ್ಬರು ಪೂರಾ ಹರೀತದೆ. ಅದುಮಿಟ್ಟ ಗಾಳಿ ಒಂದೇ ಸಲಕ್ಕೆ ನುಗ್ಗಿ ಹೊರಗಿನ ಗಾಳಿಗೆ ಗುದ್ದುತದೆ. ಆ ಗುದ್ದು ಕಿವಿಗೆ ಬಂದು ತಾಗೋದೇ ಶಬ್ದ."

"ಗೊತ್ತಾಯ್ತು, ಬಿಡು ಮಾರಾಯ," ಎಂದ ದುಗ್ಗಪ್ಪ, ಕಣ್ಣು ದಣಪೆಯ ಕಡೆಗೇ ಇಟ್ಟು.

"ಬಾಯ್ಮಾತಿಗೆ ಒಪ್ಪಬಾರ್ದು ಭಾವ. ನೋಡಿ ಒಪ್ಪಬೇಕು."

ಬಿಗಿಯಾದ ಬಲೂನಿಗೆ ಮುಳ್ಳು ಚುಚ್ಚಿ, ಢಮ್ಮೆನ್ನಿಸಿ, ಅವನು ತನ್ನ ಮಾತನ್ನು ರುಜುವಾತು ಮಾಡಿ ತೋರಿಸಿದ.

ಕೆರಿಯಮ್ಮ ಅಂಗಳಕ್ಕೆ ಬಂದಾಗ ಬಲಗೈಯಲ್ಲಿ ಬಳೆ ಇರಲಿಲ್ಲ. ಬಳೆ ಇದ್ದಲ್ಲಿ ರಕ್ತವಿತ್ತು. ಹಿಂದೆ ಗದ್ದೆಯಲ್ಲಿ ಎತ್ತು ಪೈರು ಸೀಳಿಕೊಂಡು ಹೋದ ದಾರಿ ಕಾಡಿನ ತನಕ ಕಾಣುತ್ತಿತ್ತು. ಅವಳು ಕೂಗಾಡುತ್ತಾಳೆಂದು ಇಬ್ಬರು ಗಂಡಸರೂ ಕಾದರು. ಅವಳು ಜಗಲಿಯ ಮೇಲಿದ್ದ ಉಳಿದ ಬಲೂನುಗಳನ್ನು ಬಾಚಿಕೊಂಡು ಹೋಗಿ ಬಚ್ಚಲೊಲೆಗೆ ಹಾಕಿ ಬಂದಳು.

"ನೀ ಹೇಳಿದ್ದೆಲ್ಲ ನಿಜಾನೇ ಇರ್ಬೌದು ಕಣೋ," ಎಂದಳು. "ಈ ಅಂಗಳದಲ್ಲಿ ಅಷ್ಟೆಲ್ಲ ಗೊತ್ತಿದ್ದವನು ನೀನೊಬ್ನೇ. ಗೊತ್ತಿಲ್ದೆ ಮಾಡಿದ್ರೆ ಎಲೆ ಹಾಕಿ ಬಡಿಸ್ತಿದ್ದೆ. ಹೋಗು."

ಮಂಜುನಾಥಪ್ಪ ಹಬ್ಬದೂಟವಿಲ್ಲದೆ ಜೋಗಕ್ಕೆ ಹೋದ. ಮಾರನೆಯ ದಿನ ಎತ್ತು ತಾನಾಗಿಯೇ ಕೊಟ್ಟಿಗೆಗೆ ಬಂತು. ಕೆರಿಯಮ್ಮ ಕೋಡಿನತ್ತ ಕೈ ಚಾಚಿದಳು. ಅದು ಹಿಂದಕ್ಕೆ ಸರಿಯಿತು. ಆ ವರ್ಷ ಕೊಯ್ಲಿನ ಗಾಡಿಗೆ ನೆರೆಮನೆಯ ಸುಬ್ಬಪ್ಪನ ಎತ್ತು ಕಟ್ಟಿದರು.